ಮನೆತನದ ಮೂಲ ಹುಡುಕುವುದು ಹೇಗೆ: ಬೆಂಗಳೂರಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ ‘ನಮ್ಮ ಮುತ್ತಾತನ ಕಾಲದ ದಾಖಲೆ ಬೇಕಿತ್ತು’ ಎಂದರೆ ಅಲ್ಲಿಯವರು ತಿರುಗಿ ಕೇಳುವುದು ಮೂರೇ ಪ್ರಶ್ನೆ. ಯಾವ ಗ್ರಾಮ, ಯಾವ ಹೋಬಳಿ, ಸರ್ವೆ ನಂಬರ್ ಎಷ್ಟು? ಉತ್ತರ ಗೊತ್ತಿಲ್ಲದವರು ಬರಿಗೈಯಲ್ಲಿ ವಾಪಸ್ ಬರುತ್ತಾರೆ. ಬೆಂಗಳೂರಿಗೆ ಬಂದು ಎರಡು ಮೂರು ತಲೆಮಾರು ಕಳೆದು, ಊರಿನ ನಂಟು ತಪ್ಪಿಹೋದ ಮನೆಯವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಇನ್ನು ಕೆಲವರು ಇಂಗ್ಲಿಷ್ ವಿಡಿಯೊ ನೋಡಿ ಹಳೆಯ ಜನಗಣತಿ ಪಟ್ಟಿ ಹುಡುಕುತ್ತಾ ಕೂರುತ್ತಾರೆ. ನಮ್ಮಲ್ಲಿ ಜನಗಣತಿಗೆ ಮನೆಯವರು ಕೊಟ್ಟ ವಿವರ ಗೋಪ್ಯ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದನ್ನು ಸಾರ್ವಜನಿಕರಿಗೆ ತೋರಿಸುವಂತಿಲ್ಲ. ಆ ದಾರಿಯನ್ನು ಈಗಲೇ ಬಿಟ್ಟುಬಿಡಿ.

ಹೀಗೆ ಸೋತವರ ಮನೆಗಳಲ್ಲಿ ದಾಖಲೆಗೆ ಕೊರತೆ ಇರುವುದಿಲ್ಲ, ಅವರು ಹಿಡಿದ ಕ್ರಮ ಹಿಂದುಮುಂದಾಗಿರುತ್ತದೆ ಅಷ್ಟೆ. ಮೊದಲು ಹಿರಿಯರ ಬಾಯಿಮಾತು, ಆಮೇಲೆ ಮನೆಯ ಕಾಗದ, ಆಮೇಲೆ ಊರು, ಅದಾದ ಮೇಲೆ ಕಚೇರಿ. ಈ ಕ್ರಮವನ್ನು ದಯವಿಟ್ಟು ಬದಲಾಯಿಸಬೇಡಿ. ಕಡತ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಎಂಬತ್ತೈದು ದಾಟಿದ ದೊಡ್ಡಮ್ಮನ ನೆನಪಿನ ಬಗ್ಗೆ ಆ ಮಾತು ಹೇಳಲು ಬರುವುದಿಲ್ಲ.

## ಕೈಯಲ್ಲಿ ಇರಬೇಕಾದ ಸಾಮಾನು

ಉದ್ದನೆಯ ರೂಲ್ಡ್ ನೋಟ್‌ಬುಕ್ ಒಂದು, ಪೆನ್ಸಿಲ್, ಪ್ಲಾಸ್ಟಿಕ್ ಫೋಲ್ಡರುಗಳು, ಧ್ವನಿ ರೆಕಾರ್ಡ್ ಮಾಡಲು ಮತ್ತು ಫೋಟೊ ತೆಗೆಯಲು ಮೊಬೈಲ್. ಸದ್ಯಕ್ಕೆ ಇಷ್ಟು ಸಾಕು. ಕಂಪ್ಯೂಟರಿನಲ್ಲಿ ಕೂರಿಸುವ ಆಸೆ ಇದ್ದರೆ ಗ್ರಾಂಪ್ಸ್ ಎಂಬ ಉಚಿತ ತಂತ್ರಾಂಶವಿದೆ, ಕನ್ನಡದಲ್ಲೇ ಹೆಸರು ಬರೆಯಬಹುದು. ಆದರೆ ನಾಲ್ಕನೇ ಹಂತ ಮುಗಿಯುವವರೆಗೆ ಅದನ್ನು ತೆರೆಯಬೇಡಿ. ಪರದೆಯ ಮೇಲೆ ಖಾಲಿ ಚೌಕಗಳು ಕಂಡರೆ ಅವನ್ನು ಹೇಗಾದರೂ ತುಂಬಬೇಕೆಂದು ಮನಸ್ಸು ಎಳೆಯುತ್ತದೆ, ಊಹೆಗಳು ಒಳಗೆ ನುಸುಳುತ್ತವೆ.

## ಹಂತ 1: ನಿಮ್ಮಿಂದಲೇ ಶುರು ಮಾಡಿ, ನಂಬರ್ ಕೊಡಿ

ಮೊದಲ ಹಾಳೆಯಲ್ಲಿ ನೀವು 1. ತಂದೆ 2, ತಾಯಿ 3. ತಂದೆಯ ತಂದೆ 4, ತಂದೆಯ ತಾಯಿ 5, ತಾಯಿಯ ತಂದೆ 6, ತಾಯಿಯ ತಾಯಿ 7. ಯಾರದೇ ತಂದೆಯ ನಂಬರ್ ಬೇಕಿದ್ದರೆ ಅವರ ನಂಬರನ್ನು ಎರಡರಿಂದ ಗುಣಿಸಿ. ತಾಯಿಯದು ಬೇಕಿದ್ದರೆ ಅದಕ್ಕೆ ಒಂದು ಕೂಡಿಸಿ.

ಹೆಸರಿದ್ದ ಮೇಲೆ ನಂಬರ್ ಯಾಕೆ ಎಂದು ಅನ್ನಿಸಬಹುದು. ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. ರಂಗಪ್ಪನ ಮಗ ತಿಮ್ಮಯ್ಯ, ತಿಮ್ಮಯ್ಯನ ಮಗ ರಂಗಪ್ಪ, ಅವನ ಮಗ ಮತ್ತೆ ತಿಮ್ಮಯ್ಯ. ಬರೀ ಹೆಸರು ಬರೆದುಕೊಂಡರೆ ಎರಡು ತಲೆಮಾರು ಒಂದರೊಳಗೊಂದು ಸೇರಿಹೋಗುತ್ತವೆ, ಒಬ್ಬನೇ ಮನುಷ್ಯ ನೂರಿಪ್ಪತ್ತು ವರ್ಷ ಬದುಕಿದಂತೆ ಕಾಣುತ್ತದೆ. ಹೊಸಬರ ಪಟ್ಟಿಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ತಪ್ಪು ಇನ್ನೊಂದಿಲ್ಲ.

ಸಂಬಂಧದಲ್ಲೇ ಮದುವೆಯಾದ ಮನೆಗಳಲ್ಲಿ ಒಬ್ಬರಿಗೇ ಎರಡು ನಂಬರ್ ಬರುತ್ತದೆ. ನಿಮ್ಮ ತಾಯಿ ತಮ್ಮ ಸೋದರಮಾವನನ್ನೇ ಮದುವೆಯಾಗಿದ್ದರೆ ನಿಮ್ಮ 4 ಮತ್ತು 14 ಒಬ್ಬರೇ, 5 ಮತ್ತು 15 ಒಬ್ಬರೇ. ಗಾಬರಿ ಬೇಡ, ಲೆಕ್ಕ ಸರಿಯಾಗಿಯೇ ಇದೆ. ಎರಡೂ ನಂಬರನ್ನು ಒಂದೇ ಹೆಸರಿನ ಮುಂದೆ ಬರೆದು ಮುಂದಕ್ಕೆ ಹೋಗಿ.

## ಹಂತ 2: ಹಿರಿಯರ ಹತ್ತಿರ ಕೂತು ಮಾತಾಡಿಸಿ

ಮನೆತನದಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರಿಂದ ಶುರುವಾಗಲಿ. ಹೆಂಗಸರನ್ನು ಮೊದಲು ಕೇಳಿ. ಗಂಡಸರಿಗೆ ಜಮೀನು, ದಾಯಾದಿಗಳ ಲೆಕ್ಕ ಗೊತ್ತಿರುತ್ತದೆ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರ ಬಾಣಂತನ ಎಲ್ಲಾಯಿತು, ಯಾವ ಮಗು ಉಳಿಯಲಿಲ್ಲ ಎಂಬುದು ಸೋದರತ್ತೆಯರಿಗೂ ಚಿಕ್ಕಜ್ಜಿಯರಿಗೂ ಗೊತ್ತು.

ಜಮೀನಿನ ಮಾತು ಎತ್ತಬೇಡಿ. ‘ವಂಶವೃಕ್ಷ’ ಎಂಬ ಪದವನ್ನೂ ಮೊದಲ ದಿನ ಬಳಸಬೇಡಿ. ಬೆಂಗಳೂರಿನ ಸುತ್ತಮುತ್ತ ಒಂದು ಗುಂಟೆಗೂ ಬೆಲೆ ಇರುವ ಈ ಕಾಲದಲ್ಲಿ ಆ ಪದ ಕಿವಿಗೆ ಬಿದ್ದರೆ ‘ಪಾಲು ಕೇಳೋಕೆ ಬಂದ’ ಎಂದೇ ನೆಂಟರು ತಿಳಿಯುತ್ತಾರೆ. ಒಮ್ಮೆ ಆ ಅನುಮಾನ ಬಂತೆಂದರೆ ಎರಡು ಮನೆಗಳ ಬಾಗಿಲು ಒಟ್ಟಿಗೆ ಮುಚ್ಚುತ್ತದೆ. ಹಳೆಯ ಫೋಟೊ ಹಿಡಿದುಕೊಂಡು ಹೋಗಿ. ‘ಅತ್ತೆ, ಈ ಫೋಟೋದಲ್ಲಿ ತಾತನ ಪಕ್ಕ ನಿಂತಿರೋದು ಯಾರು?’ ಎಂಬುದು ಒಳ್ಳೆಯ ಆರಂಭ.

‘ಯಾವ ಇಸವಿ?’ ಎಂಬ ಪ್ರಶ್ನೆಗೆ ಉತ್ತರ ಬರುವುದಿಲ್ಲ, ಬಂದರೂ ನಂಬುವಂತಿರುವುದಿಲ್ಲ. ಘಟನೆಗೆ ಗಂಟು ಹಾಕಿ ಕೇಳಿ. ನನ್ನ ಸೋದರತ್ತೆಗೆ ತಮ್ಮ ಹುಟ್ಟಿದ ವರ್ಷ ತಿಳಿಯದು. ‘ಮಹಾರಾಜರು ತೀರಿಕೊಂಡಾಗ ನಾನು ಕೈಗೂಸಂತೆ, ಅಮ್ಮ ಹೇಳ್ತಿದ್ಲು’ ಎಂದರು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಅಲ್ಲಿಗೆ ಅತ್ತೆಯ ವಯಸ್ಸು ಒಂದು ವರ್ಷದ ಅಂತರದಲ್ಲಿ ಸಿಕ್ಕಿತು. ಹೀಗೆ ಕೇಳಲು ಕೆಲವು ಗುರುತುಗಳು: ಧಾತು ಈಶ್ವರ ಸಂವತ್ಸರದ ಬರ (1876ರಿಂದ 1878), ಬೆಂಗಳೂರಿಗೆ ಪ್ಲೇಗು ಬಂದದ್ದು (1898), ಬೆಂಗಳೂರಿಗೆ ಕರೆಂಟು ಬಂದದ್ದು (1905), ಇನ್‌ಫ್ಲುಯೆಂಜಾ ಜ್ವರ (1918), ಸ್ವಾತಂತ್ರ್ಯ (1947), ರಾಜ್ಯ ಒಂದಾದದ್ದು (1956). ಪ್ಲೇಗಿನ ಕಥೆ ಈಗಿನವರು ಕಂಡದ್ದಲ್ಲ, ಆದರೆ ‘ಪ್ಲೇಗಿನ ಕಾಲಕ್ಕೆ ಊರು ಬಿಟ್ಟರು’ ಎಂಬ ಮಾತು ಮನೆಗಳಲ್ಲಿ ಉಳಿದಿದೆ.

ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಕೇಳಿ ಒಪ್ಪಿಗೆ ಪಡೆದೇ ರೆಕಾರ್ಡ್ ಮಾಡಿ. ಎರಡನೇ ಮದುವೆ, ದತ್ತು, ಮನೆ ಬಿಟ್ಟು ಹೋದವರ ಮಾತು ಬಂದಾಗ ಧ್ವನಿ ತಗ್ಗಿದರೆ ಅಲ್ಲಿಗೇ ನಿಲ್ಲಿಸಿ. ಅವರಾಗಿ ಹೇಳುವ ದಿನ ಬಂದರೆ ಬರಲಿ.

ಎಚ್ಚರಿಕೆಯ ಗುರುತು: ‘ನಾವು ಮೂಲತಃ ವಿಜಯನಗರದಿಂದ ಬಂದವರು’, ‘ನಮ್ಮವರು ಪಾಳೇಗಾರರು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಬರೆದುಕೊಳ್ಳಿ, ಪಕ್ಕದಲ್ಲಿ ‘ಕೇಳಿದ್ದು’ ಎಂದು ಗುರುತು ಹಾಕಿ. ಅದನ್ನೇ ಆಧಾರ ಮಾಡಿಕೊಂಡು ಮೇಲಿನಿಂದ ಕೆಳಗೆ ವಂಶ ಕಟ್ಟಲು ಹೋಗಬೇಡಿ.

## ಹಂತ 3: ಬೀರು, ಟ್ರಂಕು, ದೇವರಮನೆ

ಕಾಗದ ಹುಡುಕಲು ದೂರ ಹೋಗಬೇಕಿಲ್ಲ. ಮದುವೆಯ ಲಗ್ನಪತ್ರಿಕೆ, ಉತ್ತರಕ್ರಿಯೆಯ ಪತ್ರಿಕೆ, ಜಾತಕ, ಶಾಲೆಯ ಟಿ.ಸಿ., ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ರೇಷನ್ ಕಾರ್ಡು, ಪಿಂಚಣಿ ಪುಸ್ತಕ, ಕಾರ್ಖಾನೆಯ ಗುರುತಿನ ಚೀಟಿ, ಹಳೆಯ ಪೋಸ್ಟ್‌ಕಾರ್ಡುಗಳು, ಎಲ್ಲವೂ ಬೇಕು. ಎಚ್ಎಎಲ್, ಐಟಿಐ, ಎಚ್ಎಂಟಿ, ಬಿನ್ನಿ ಮಿಲ್ಲಿನಂಥ ಕಡೆ ದುಡಿದವರ ಮನೆಯಲ್ಲಿ ನೌಕರಿಯ ಕಾಗದ ಸಿಕ್ಕರೆ ಸ್ವಂತ ಊರು, ತಂದೆಯ ಹೆಸರು, ನಾಮಿನಿಯ ಹೆಸರು ಒಂದೇ ಹಾಳೆಯಲ್ಲಿ ಇರುವುದುಂಟು. ಲಗ್ನಪತ್ರಿಕೆಯಲ್ಲಿ ‘ದಿ||’ ಎಂದಿದ್ದರೆ ಅಷ್ಟರೊಳಗೆ ಅವರು ತೀರಿಕೊಂಡಿದ್ದರು ಎಂದರ್ಥ. ಫೋಟೊ ಹಿಂಭಾಗದ ಸ್ಟುಡಿಯೊ ಮೊಹರನ್ನು ನೋಡದೆ ಬಿಡಬೇಡಿ.

ಎಲ್ಲಕ್ಕಿಂತ ಹೆಚ್ಚು ಸಿಗುವುದು ವಿಭಾಗಪತ್ರದಲ್ಲಿ. ಹಳಬರು ಅದನ್ನು ಪಾಲುಪಾರಿಕತ್ತು ಎನ್ನುತ್ತಾರೆ. ಅಂಥ ಪತ್ರದ ಒಂದು ಸಾಲು ಹೀಗಿರುತ್ತದೆ: ‘ಮುನಿಯಪ್ಪ ಉರುಫ್ ದೊಡ್ಡಣ್ಣ ಬಿನ್ ಲೇಟ್ ಚಿಕ್ಕತಿಮ್ಮಯ್ಯ’. ಬಿನ್ ಎಂದರೆ ಅವರ ಮಗ, ಉರುಫ್ ಎಂದರೆ ಇನ್ನೊಂದು ಹೆಸರು. ‘ಲಕ್ಷ್ಮಮ್ಮ ಕೋಂ ಮುನಿಯಪ್ಪ’ ಎಂದಿದ್ದರೆ ಮುನಿಯಪ್ಪನ ಹೆಂಡತಿ. ಈ ಒಂದು ಸಾಲಿನಿಂದ ಎರಡು ತಲೆಮಾರು ಸಿಕ್ಕವು. ಅಜ್ಜಿ ಸದಾ ಹೇಳುತ್ತಿದ್ದ ‘ದೊಡ್ಡಣ್ಣ’ ಯಾರೆಂಬುದೂ ಗೊತ್ತಾಯಿತು. ಉರುಫ್ ಬಿಟ್ಟು ನಕಲು ಮಾಡಿಕೊಂಡವರು ಮುಂದೆ ಇಲ್ಲದ ಇನ್ನೊಬ್ಬ ಅಣ್ಣನನ್ನು ಪಟ್ಟಿಗೆ ಸೇರಿಸಿಬಿಡುತ್ತಾರೆ. ಉತ್ತರ ಕರ್ನಾಟಕದ ಪತ್ರಗಳಲ್ಲಿ ಬಿನ್, ಕೋಂ ಬದಲಿಗೆ ‘ತಂದೆ’, ‘ಗಂಡ’ ಎಂದು ಬರೆದು ಕೊನೆಗೆ ಮನೆತನದ ಅಡ್ಡಹೆಸರು ಇರುತ್ತದೆ.

ಹಳೆಯ ವಿಭಾಗಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಆದ್ದರಿಂದ ಪತ್ರದಲ್ಲಿ ಮೂವರು ಗಂಡುಮಕ್ಕಳಿದ್ದರೆ ಮನೆಯಲ್ಲಿ ಮೂವರೇ ಮಕ್ಕಳು ಎಂದು ಬರೆಯಬೇಡಿ. ಹಕ್ಕು ಬಿಡುಗಡೆ ಪತ್ರ ಇದೆಯೇ ಎಂದು ಹುಡುಕಿ. ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟು ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಆ ಪತ್ರದಲ್ಲಿ ಅವರ ಹೆಸರು, ಗಂಡನ ಹೆಸರು, ಕೊಟ್ಟ ಊರು ಇರುತ್ತದೆ. ಹೆಣ್ಣುಮಕ್ಕಳನ್ನು ಕೈಬಿಟ್ಟ ವಂಶಾವಳಿ ಅರ್ಧ ವಂಶಾವಳಿ. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇರುವ ಮನೆಗಳಲ್ಲಿ ತವರಿನ ಹೆಸರನ್ನೂ ಬರೆಯಿರಿ.

ಸಿಕ್ಕ ಕಾಗದಗಳನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಫೋಟೊ ತೆಗೆದು, ಮೂಲವನ್ನು ಇದ್ದ ಮನೆಗೇ ಹಿಂದಿರುಗಿಸಿ.

## ಹಂತ 4: ಊರು ಮತ್ತು ಮನೆದೇವರು

ಮೂಲದ ಊರು ಗೊತ್ತಿಲ್ಲದವರು ಹೆಸರಿನ ಇನಿಷಿಯಲ್ ಬಿಡಿಸಿ ನೋಡಿ. ಹಳೆ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಮೊದಲಕ್ಷರ ಊರಿನದು, ಎರಡನೆಯದು ತಂದೆಯದು. ಎಚ್.ಡಿ. ದೇವೇಗೌಡರ ಹೆಸರಿನಲ್ಲಿ ಹರದನಹಳ್ಳಿ, ದೊಡ್ಡೇಗೌಡ, ಕೆ.ವಿ. ಪುಟ್ಟಪ್ಪನವರದರಲ್ಲಿ ಕುಪ್ಪಳಿ, ವೆಂಕಟಪ್ಪ. ನಿಮ್ಮ ತಾತನ ಹೆಸರಿನ ಮೊದಲಕ್ಷರ ಏನೆಂದು ಅವರ ಹಳೆಯ ಶಾಲಾ ಕಾಗದದಲ್ಲಿ ಪೂರ್ತಿ ಬರೆದಿರಬಹುದು. ಹೊಸ ಕಾಲದ ಕಾಗದಗಳಲ್ಲಿ ಎಲ್ಲವನ್ನೂ ತಂದೆಯ ಹೆಸರಿಗೆ ಬದಲಿಸಿರುವುದರಿಂದ ಹಳೆಯದನ್ನೇ ನಂಬಿ.

ಎರಡನೆಯ ಸುಳಿವು ಮನೆದೇವರು. ತಿರುಪತಿ ತಿಮ್ಮಪ್ಪ, ಧರ್ಮಸ್ಥಳದ ಮಂಜುನಾಥ ಎಂದರೆ ಊರು ಪತ್ತೆಯಾಗುವುದಿಲ್ಲ; ಲಕ್ಷಾಂತರ ಮನೆಗಳು ಆ ದೇವರಿಗೆ ನಡೆದುಕೊಳ್ಳುತ್ತವೆ. ‘ಅದರ ಜೊತೆಗೆ ಹೆಣ್ಣುದೇವರು ಯಾವುದು? ಮಕ್ಕಳ ಮುಡಿ ಎಲ್ಲಿ ಕೊಡುತ್ತಿದ್ದರು?’ ಎಂದು ಕೇಳಿ. ಒಂದು ಊರಿನ ಮಾರಮ್ಮನ ಹೆಸರೋ, ಒಂದು ಬೆಟ್ಟದ ರಂಗನಾಥನ ಹೆಸರೋ ಬಂದರೆ ಹುಡುಕುವ ಜಾಗ ಐದಾರು ಹಳ್ಳಿಗೆ ಇಳಿಯುತ್ತದೆ. ಜಾತ್ರೆಯ ದಿನವೇ ಹೋಗಿ. ಅದೇ ದೇವರ ಒಕ್ಕಲುಗಳು ನಾನಾ ಕಡೆಯಿಂದ ಅಲ್ಲಿಗೆ ಬಂದಿರುತ್ತಾರೆ, ಪೂಜಾರರಿಗೆ ಯಾವ ಮನೆ ಎಲ್ಲಿಗೆ ಹೋಯಿತು ಎಂಬ ಲೆಕ್ಕ ಬಾಯಲ್ಲಿರುತ್ತದೆ. ಗೋತ್ರ, ಬೆಡಗು, ಬಳಿ, ಕುಲ, ಯಾವುದು ನಿಮ್ಮಲ್ಲಿ ರೂಢಿಯೋ ಅದನ್ನು ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ. ಆದರೆ ಗೋತ್ರ ಒಂದೇ ಎಂದ ಮಾತ್ರಕ್ಕೆ ವಂಶ ಒಂದೇ ಎಂದು ಗೆರೆ ಎಳೆಯಬಾರದು.

ಊರು ಸಿಕ್ಕ ಮೇಲೆ ಅದರ ಹೋಬಳಿ, ತಾಲ್ಲೂಕು, ಜಿಲ್ಲೆ ಹಿಂದೆ ಯಾವುದಿತ್ತು ಎಂದೂ ನೋಡಿ. ಬೆಂಗಳೂರು ಗ್ರಾಮಾಂತರ ಬೇರೆಯಾದದ್ದು 1986ರಲ್ಲಿ. ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ, ರಾಮನಗರ ಜಿಲ್ಲೆಯಾದದ್ದೂ ಆಗಲೇ. ಹಳೆಯ ಕಡತ ಹಳೆಯ ಜಿಲ್ಲೆಯ ಹೆಸರಿನಲ್ಲೇ ಇರುತ್ತದೆ.

## ಹಂತ 5: ತಿಥಿಯಿಂದ ತಾರೀಖಿಗೆ

ಜಾತಕ, ಹಳೆಯ ಪತ್ರಗಳಲ್ಲಿ ಸಂವತ್ಸರ ಬರೆದಿರುತ್ತಾರೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ ಎಂಬುದನ್ನು ಮರೆತರೆ ಎರಡು ತಲೆಮಾರು ಪಲ್ಲಟವಾಗುತ್ತವೆ. ಕ್ರೋಧಿ ಸಂವತ್ಸರ ಎಂದರೆ 1904-05 ಇರಬಹುದು, 1964-65 ಇರಬಹುದು, 2024-25 ಕೂಡ. ಶಕವರ್ಷ ಕೊಟ್ಟಿದ್ದರೆ 78 ಕೂಡಿಸಿ. ಹೈದರಾಬಾದ್ ಸೀಮೆಯ ಕಾಗದದಲ್ಲಿ ಫಸಲಿ ವರ್ಷವಿದ್ದರೆ 590 ಕೂಡಿಸಿದರೆ ಹತ್ತಿರದ ಇಸವಿ ಬರುತ್ತದೆ.

ತೀರಿಕೊಂಡವರ ತಾರೀಖು ತಿಳಿಯದಿದ್ದರೂ ವರ್ಷಾಬ್ದಿಕದ ತಿಥಿ ಮನೆಯಲ್ಲಿ ಗೊತ್ತಿರುತ್ತದೆ. ಕಾರ್ತಿಕ ಬಹುಳ ಪಂಚಮಿ ಎಂದಿಟ್ಟುಕೊಳ್ಳಿ. ಯಾವ ವರ್ಷ ಎಂಬುದು ಬೇರೆ ಕಡೆಯಿಂದ ಸಿಕ್ಕರೆ, ಹಳೆಯ ವರ್ಷಗಳ ಪಂಚಾಂಗ ತೋರಿಸುವ ಆಪ್‌ನಲ್ಲಿ ಇಂಗ್ಲಿಷ್ ತಾರೀಖು ಪಕ್ಕಾ ಸಿಗುತ್ತದೆ. ಆಪ್ ಅಮಾಂತ ಪದ್ಧತಿಯಲ್ಲಿ, ಅಂದರೆ ಅಮಾವಾಸ್ಯೆಗೆ ತಿಂಗಳು ಮುಗಿಯುವ ನಮ್ಮ ಲೆಕ್ಕದಲ್ಲಿ ಇರಲಿ. ಉತ್ತರದವರ ಪೂರ್ಣಿಮಾಂತ ಪದ್ಧತಿಯಲ್ಲಿದ್ದರೆ ಬಹುಳ ಪಕ್ಷದ ತಿಥಿಗಳಲ್ಲಿ ತಿಂಗಳೇ ಬದಲಾಗಿಬಿಡುತ್ತದೆ.

ಶ್ರಾದ್ಧ ಮಾಡುವ ಮನೆಗಳಲ್ಲಿ ತಂದೆ, ತಾತ, ಮುತ್ತಾತ ಮತ್ತು ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರು ಹೇಳಿಯೇ ಪಿಂಡ ಇಡುತ್ತಾರೆ. ಮನೆಯ ಪುರೋಹಿತರು ಅದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿರುವುದುಂಟು. ತಿಥಿ ಮಾಡುವುದು ಯಾರೋ ಒಬ್ಬ ಅಣ್ಣನ ಮನೆಯಲ್ಲಿ ಆದ್ದರಿಂದ ಉಳಿದವರಿಗೆ ಈ ಹೆಸರುಗಳು ಮರೆತಿರುತ್ತವೆ. ಪಿತೃಪಕ್ಷಕ್ಕೆ ಎಡೆ ಇಡುವ ಮನೆಗಳಲ್ಲಿ ಎಡೆ ಯಾರ ಯಾರ ಹೆಸರಿಗೆ ಎಂದು ಕೇಳಿ.

ಶಾಲೆಯ ಹುಟ್ಟಿದ ತಾರೀಖನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಅಣ್ಣತಮ್ಮಂದಿರೆಲ್ಲರ ತಾರೀಖು ಜೂನ್ ಒಂದರ ಆಸುಪಾಸಿನಲ್ಲೇ ಇದ್ದರೆ ಅದು ಶಾಲೆಗೆ ಸೇರಿಸಿದ ದಿನ ಮೇಷ್ಟರು ಬರೆದುಕೊಂಡ ತಾರೀಖು.

## ಹಂತ 6: ಈಗ ಕಚೇರಿಗೆ ಹೋಗಿ

ಜಮೀನು ಇದ್ದವರು ಭೂಮಿ ಜಾಲತಾಣದಲ್ಲಿ ಈಗಿನ ಪಹಣಿ ತೆಗೆಯಿರಿ. 9ನೇ ಕಾಲಮಿನಲ್ಲಿ ಸ್ವಾಧೀನದಾರರ ಹೆಸರು, 10ನೇ ಕಾಲಮಿನಲ್ಲಿ ಅದು ಅವರಿಗೆ ಬಂದ ರೀತಿ ಮತ್ತು ಎಂ.ಆರ್. (ಖಾತೆ ಬದಲಾವಣೆಯ ರಿಜಿಸ್ಟರ್) ನಂಬರ್ ಇರುತ್ತದೆ. ಆ ಎಂ.ಆರ್. ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ. ಅದರಲ್ಲಿ ಹಿಂದಿನ ಖಾತೆದಾರ ಯಾರು, ಪೌತಿಯಿಂದ (ಖಾತೆದಾರ ತೀರಿಕೊಂಡು ವಾರಸುದಾರರಿಗೆ) ಬಂತೋ ಕ್ರಯದಿಂದಲೋ ವಿಭಾಗದಿಂದಲೋ ಎಂದು ಬರೆದಿರುತ್ತದೆ. ಅಲ್ಲಿಂದ ಅದಕ್ಕೆ ಹಿಂದಿನ ಎಂ.ಆರ್., ಆಮೇಲೆ ಕೈಬರಹದ ಪಹಣಿ, ಆಮೇಲೆ ಆರ್.ಆರ್. (ಹಕ್ಕು ದಾಖಲೆ) ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನುಗಳ ಸೂಚಿ). ಬಾವಿಯ ಮೆಟ್ಟಿಲಿನಂತೆ ಒಂದೊಂದೇ ಇಳಿಯಬೇಕು, ನಡುವಿನದನ್ನು ಹಾರಿದರೆ ಹೆಸರು ಒಂದೇ ಇರುವ ಬೇರೆ ಮನೆಯವರ ಕಡತ ಕೈಗೆ ಬರುತ್ತದೆ. ಪೌತಿ ಖಾತೆಯ ಕಡತ ಸಿಕ್ಕರೆ ಬಿಡಬೇಡಿ: ಅರ್ಜಿಯ ಜೊತೆ ಕೊಟ್ಟ ವಂಶವೃಕ್ಷ ಅದರಲ್ಲೇ ಇರುತ್ತದೆ. ಅದು ಖಾತೆ ಬದಲಾವಣೆಗೆಂದು ಬರೆಸಿದ್ದು, ಎಲ್ಲರ ಹೆಸರೂ ಇದೆ ಎಂದು ತಿಳಿಯಬೇಡಿ.

ಸ್ವಂತ ಜಮೀನು ಇಲ್ಲದವರು ದಾಖಲೆಯೇ ಇಲ್ಲವೆಂದು ಕೈಚೆಲ್ಲುತ್ತಾರೆ. ಗೇಣಿಗೆ ಉಳುತ್ತಿದ್ದವರು 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂನ್ಯಾಯ ಮಂಡಳಿಗೆ ಫಾರಂ ನಂಬರ್ 7ರಲ್ಲಿ ಅರ್ಜಿ ಹಾಕಿದ್ದರು. ಆ ಕಡತಗಳಲ್ಲಿ ಗೇಣಿದಾರನ ತಂದೆಯ ಹೆಸರು, ಊರು, ಹೇಳಿಕೆ ಎಲ್ಲ ಇರುತ್ತವೆ. ಕೂಲಿಗೆ ಹೋಗುತ್ತಿದ್ದ ಮನೆಯವರಿಗೆ ಊರಿನ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್ ಒಳ್ಳೆಯ ಆಸರೆ. ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು ಕೇಳಿ. ಹಳೆಯ ಮತದಾರರ ಪಟ್ಟಿಯಲ್ಲಿ ತಂದೆ ಅಥವಾ ಗಂಡನ ಹೆಸರು, ವಯಸ್ಸು, ಮನೆ ನಂಬರ್ ಇರುತ್ತದೆ, ಒಂದೇ ಮನೆಯಲ್ಲಿ ಯಾರ್‍ಯಾರು ಇದ್ದರೆಂದು ತಿಳಿಯುತ್ತದೆ.

ಬೆಂಗಳೂರಿನೊಳಗೆ ಹುಟ್ಟಿದವರ, ಸತ್ತವರ ದಾಖಲೆ ಹುಡುಕುವಾಗ ಮನೆ ಪೇಟೆಯ ಕಡೆಯಿತ್ತೋ ದಂಡಿನ (ಕಂಟೋನ್ಮೆಂಟ್) ಕಡೆಯಿತ್ತೋ ಎಂದು ಮೊದಲು ತಿಳಿಯಿರಿ. 1949ರವರೆಗೆ ಎರಡಕ್ಕೂ ಬೇರೆ ಬೇರೆ ಮುನಿಸಿಪಾಲಿಟಿ. ಶಿವಾಜಿನಗರದ ಮಗುವನ್ನು ಚಿಕ್ಕಪೇಟೆಯ ರಿಜಿಸ್ಟರಿನಲ್ಲಿ ಹುಡುಕಿದರೆ ಸಿಗದು. ಜನನ ಮರಣ ನೋಂದಣಿಯ ಕಾಯ್ದೆ 1969ರದು, ಅದಕ್ಕೆ ಹಿಂದಿನ ಹಳ್ಳಿಯ ಜನನಗಳಿಗೆ ದಾಖಲೆ ಸಿಕ್ಕರೆ ಅದೃಷ್ಟ ಎಂದುಕೊಳ್ಳಿ. ಮನೆ, ಸೈಟಿನ ಋಣಭಾರ ಪತ್ರ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೇ ಹೋಗಬೇಕು.

ಎಚ್ಚರಿಕೆ: ಕಚೇರಿಯ ಹೊರಗೆ ‘ನಾನೇ ತೆಗೆಸಿಕೊಡ್ತೀನಿ’ ಎನ್ನುವವರ ಕೈಗೆ ಮೂಲಪತ್ರ ಕೊಡಬೇಡಿ, ಖಾಲಿ ಹಾಳೆಗೆ ಸಹಿ ಹಾಕಬೇಡಿ. ನಕಲಿನ ಅರ್ಜಿಗೆ ಉತ್ತರವೇ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

## ಹಂತ 7: ಹೆಳವರು, ಕ್ಷೇತ್ರದ ಪುರೋಹಿತರು, ಚರ್ಚು, ಮಸೀದಿ

ಉತ್ತರ ಕರ್ನಾಟಕದ ಮೂಲದವರು ಊರಿಗೆ ಹೆಳವರು ಯಾವಾಗ ಬರುತ್ತಾರೆಂದು ವಿಚಾರಿಸಿ. ಮನೆಮನೆಯ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟು, ಮನೆಗೆ ಬಂದು ಓದಿ ಹೇಳಿ, ದವಸ ಕಾಣಿಕೆ ಪಡೆಯುವುದು ಅವರ ವೃತ್ತಿ. ಗೌರವದಿಂದ ಕೂರಿಸಿ ಪೂರ್ತಿ ಓದಿಸಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿ. ತ್ರ್ಯಂಬಕೇಶ್ವರ, ಪ್ರಯಾಗ, ಗಯೆಯಲ್ಲಿ ಕ್ಷೇತ್ರದ ಪುರೋಹಿತರು ಬಂದುಹೋದ ಯಾತ್ರಿಕರ ಹೆಸರು, ಊರು ಬರೆದಿಡುತ್ತಾರೆ. ನಿಮ್ಮವರು ಯಾರಾದರೂ ಹೋಗಿದ್ದರೆ ಅವರ ಸಹಿಯೇ ಅಲ್ಲಿರಬಹುದು. ಕ್ರೈಸ್ತರಿಗೆ ಚರ್ಚಿನ ದೀಕ್ಷಾಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳು, ಮುಸ್ಲಿಮರಿಗೆ ನಿಕಾಹ್ ರಿಜಿಸ್ಟರ್ ಮತ್ತು ಖಬರಸ್ತಾನದ ಪುಸ್ತಕ ಇದೇ ಕೆಲಸ ಮಾಡುತ್ತವೆ.

## ಹಂತ 8: ಪತ್ರಾಗಾರ, ಹಳೆಯ ಪುಸ್ತಕ

ಇದು ಎಲ್ಲರಿಗೂ ಬೇಕಾಗುವುದಿಲ್ಲ. ಮನೆಯವರು ಸಂಸ್ಥಾನದ ನೌಕರಿಯಲ್ಲಿದ್ದರೆ, ಶಾನುಭೋಗರೋ ಪಟೇಲರೋ ಇನಾಂದಾರರೋ ಆಗಿದ್ದರೆ ವಿಕಾಸಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ. ಊರಿನ ಹೆಸರು ಮತ್ತು ಇಸವಿ ಕೈಯಲ್ಲಿರಲಿ. ಊರು ಹಿಂದೆ ಮುಂಬಯಿ, ಹೈದರಾಬಾದ್, ಮದರಾಸು ಆಡಳಿತದಲ್ಲಿದ್ದರೆ ಹಳೆಯ ಕಾಗದ ಮರಾಠಿಯ ಹಳೆಯ ಮೋಡಿ ಲಿಪಿಯಲ್ಲೋ ಉರ್ದುವಿನಲ್ಲೋ ಇರಬಹುದು, ಓದಿಸಲು ತಿಳಿದವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯ ಗ್ರಂಥಾಲಯ, ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆಯ ಸಂಪುಟ (1905) ಊರಿನ ಬಗ್ಗೆ ತಿಳಿಸುತ್ತವೆ. ಊರಿನ ವೀರಗಲ್ಲಿನಲ್ಲಿ ಕಂಡ ಹೆಸರನ್ನು ನಿಮ್ಮ ಪೂರ್ವಿಕ ಎಂದು ಪಟ್ಟಿಗೆ ಸೇರಿಸಬೇಡಿ; ನಡುವಿನ ಇಪ್ಪತ್ತು ಮೂವತ್ತು ತಲೆಮಾರಿಗೆ ನಿಮ್ಮ ಹತ್ತಿರ ಒಂದು ಕಾಗದವೂ ಇರುವುದಿಲ್ಲ.

## ಹಂತ 9: ಬರೆದಿಡುವ ರೀತಿ

ಪ್ರತಿ ಹೆಸರಿನ ಮುಂದೆ ಅದು ಎಲ್ಲಿಂದ ಬಂತು ಎಂದು ಬರೆಯಿರಿ: ಯಾರು ಹೇಳಿದರು, ಯಾವ ದಿನ, ಯಾವ ಕಾಗದ. ಎರಡು ಕಡೆ ಬೇರೆ ಬೇರೆ ಇದ್ದರೆ ಎರಡನ್ನೂ ಇಡಿ, ಒಂದನ್ನು ಅಳಿಸಬೇಡಿ. ತಾಯಿ ಮಕ್ಕಳ ವಯಸ್ಸಿನ ನಡುವೆ ಹನ್ನೆರಡಕ್ಕಿಂತ ಕಡಿಮೆ ವರ್ಷ ಬಂದರೆ, ಇಬ್ಬರು ಮಕ್ಕಳ ನಡುವೆ ನಲವತ್ತು ವರ್ಷ ಬಂದರೆ, ತೀರಿಕೊಂಡವರ ಹೆಸರು ಆಮೇಲಿನ ಕ್ರಯಪತ್ರದ ಸಹಿಯಲ್ಲಿ ಕಂಡರೆ, ಎಲ್ಲೋ ಇಬ್ಬರು ಒಬ್ಬರಾಗಿದ್ದಾರೆ. ಹಂತ 1ರ ನಂಬರುಗಳಿಗೆ ವಾಪಸ್ ಹೋಗಿ ನೋಡಿ.

ಬದುಕಿರುವವರ ಹುಟ್ಟಿದ ತಾರೀಖು, ತಾಯಿಯ ತವರಿನ ಹೆಸರು, ಸರ್ವೆ ನಂಬರ್, ಆಧಾರ್ ಪ್ರತಿ ಇವನ್ನು ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕಬೇಡಿ, ಎಲ್ಲರಿಗೂ ಕಾಣುವ ಜಾಲತಾಣಕ್ಕೂ ಹಾಕಬೇಡಿ. ಗುಂಪಿಗೆ ಕೊಡುವ ಪ್ರತಿಯಲ್ಲಿ ಬದುಕಿರುವವರದು ಬರೀ ಹೆಸರು ಇರಲಿ, ಬೇರೆ ವಿವರ ಬೇಡ. ಅದನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ, ಮೊದಲು ಮಾತಾಡಿಸಿದ ಹಿರಿಯರ ಮುಂದೆ ಇಟ್ಟು ಒಂದೊಂದೇ ಹೆಸರು ಓದಿ ಹೇಳಿ. ತಿದ್ದುಪಡಿ ಬರುವುದು ಆಗಲೇ. ‘ಇವನಿಗಿಂತ ಮೊದಲು ಒಂದು ಹೆಣ್ಣು ಮಗು ಇತ್ತು’ ಎಂದರೆ ಅಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡು, ಮಗುವಿಗೆ ಹೆಸರಿಟ್ಟಿದ್ದರೇ ಎಂದು ಕೇಳಿ.